ಗುಹೆಯ ಜೊತೆಗೆ ರೊಟ್ಟಿಯನ್ನೂ ನೋಡಿ

ಪ್ರವಾಸ ಮುಗಿಸಿ ಬಂದವರನ್ನು ಎದುರು ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: "ಏನೇನು ನೋಡಿದಿರಿ?" ಏನು ಉಂಡಿರಿ ಎಂದು ಕೇಳುವವರು ವಿರಳ. ಕೇಳಿದರೂ ಹೇಳುವುದಕ್ಕೆ ಬಹಳವೇನೂ ಇರುವುದಿಲ್ಲ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾಂಬಾರು, ಸಂಜೆ ಗೋಬಿ ಮಂಚೂರಿ. ಇಷ್ಟನ್ನು ಉಣ್ಣಲು ಊರು ಬಿಟ್ಟು ಹೋಗಬೇಕಾಗಿಯೇ ಇರಲಿಲ್ಲ.

ಬಾದಾಮಿಯ ಮಟ್ಟಿಗೆ ಈ ಮಾತು ಇನ್ನಷ್ಟು ನಿಜ. ಡಿಸೆಂಬರ್ ಬಂತೆಂದರೆ ರಾಜ್ಯದ ಮೂಲೆಮೂಲೆಗಳಿಂದ ಶಾಲಾ ಮಕ್ಕಳ ಬಸ್ಸುಗಳು ಅಲ್ಲಿಗೆ ಬರುತ್ತವೆ. ಮಕ್ಕಳು ಕೆಂಪು ಬಂಡೆಯ ಮೆಟ್ಟಿಲು ಹತ್ತಿ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆ ನೋಡಿ, ಮಂಗಗಳಿಗೆ ಹೆದರಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಫೋಟೋ ತೆಗೆಸಿಕೊಂಡು ಪಟ್ಟದಕಲ್ಲು, ಐಹೊಳೆಗಳತ್ತ ಓಡುತ್ತಾರೆ. ಊರಿಗೆ ಮರಳಿ ಅವರು ಬರೆಯುವ ಪ್ರಬಂಧದಲ್ಲಿ ಪುಲಿಕೇಶಿ ಇರುತ್ತಾನೆ, ರವಿಕೀರ್ತಿ ಇರುತ್ತಾನೆ, ನಟರಾಜನ ಹದಿನೆಂಟು ಕೈಗಳೂ ಇರುತ್ತವೆ. ಆ ನೆಲದ ಜನ ದಿನವೂ ಉಣ್ಣುವುದು ಏನನ್ನು, ಅದನ್ನು ಮಾಡುವ ಕೈ ಯಾರದು ಎಂಬ ಮಾತು ಮಾತ್ರ ಇರುವುದಿಲ್ಲ.

ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಶಬ್ದವಿದೆ. ಒಡೆಯನ ಜೋಳ ಉಂಡವನು ಆ ಅನ್ನದ ಋಣಕ್ಕಾಗಿ ರಣದಲ್ಲಿ ಪ್ರಾಣ ಕೊಡಲೂ ಹಿಂಜರಿಯಬಾರದೆಂಬ ನಿಷ್ಠೆಗೆ ಇಟ್ಟ ಹೆಸರು ಅದು. ಪಂಪನ ಕಾವ್ಯದಲ್ಲೂ ಜೋಳದ ಪಾಳಿಯ ಮಾತು ಬರುತ್ತದೆ. ನಿಷ್ಠೆಗೆ ಹೆಸರಿಡಬೇಕಾದಾಗ ಕನ್ನಡ ನಾಡು ಚಿನ್ನವನ್ನು ನೆನೆಯದೆ ಜೋಳವನ್ನು ನೆನೆಯಿತೆಂದರೆ, ಆ ಕಾಳಿಗೆ ಇಲ್ಲಿ ಎಂಥ ಮರ್ಯಾದೆಯಿತ್ತೆಂದು ಊಹಿಸಬಹುದು. ಇಂದು ಜೋಳಕ್ಕಾಗಿ ಯಾರೂ ಪ್ರಾಣ ಕೊಡಬೇಕಾಗಿಲ್ಲ. ಆದರೆ ಋಣ ತೀರಿದೆಯೇ?

ಮಳೆಯಿಲ್ಲದೆ ಬೆಳೆಯುವ ಬೆಳೆ

ಬಾದಾಮಿಯ ಮರಳುಗಲ್ಲಿನ ಗುಡ್ಡ ಇಳಿದು ಹುನಗುಂದ, ಇಳಕಲ್ಲಿನ ಕಡೆಗೆ ನಡೆದರೆ ನೆಲದ ಬಣ್ಣ ಬದಲಾಗುತ್ತದೆ. ಕೆಂಪು ಹೋಗಿ ಕಪ್ಪು ಬರುತ್ತದೆ. ಇದು ಎರೆಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುವ ಈ ಮಣ್ಣು, ಮಳೆ ಬಿದ್ದಾಗ ನೀರು ಕುಡಿದು ಉಬ್ಬುತ್ತದೆ. ಕುಡಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ರೈತ ಹಿಂಗಾರಿ ಜೋಳ ಬಿತ್ತುತ್ತಾನೆ. ಆಮೇಲೆ ಮಳೆ ಬಾರದೇ ಹೋದರೂ ಮಣ್ಣಿನಲ್ಲಿ ಉಳಿದ ತೇವ ಮತ್ತು ಚಳಿಗಾಲದ ಇಬ್ಬನಿಯ ತಂಪಿನಲ್ಲೇ ಪೈರು ಆಳೆತ್ತರ ಬೆಳೆದು, ಫೆಬ್ರವರಿ, ಮಾರ್ಚ್ ವೇಳೆಗೆ ಮುತ್ತಿನಂಥ ಬಿಳಿ ತೆನೆ ಕೊಡುತ್ತದೆ. ನೀರು ಸಾಲದಾದಾಗ ಜೋಳದ ಎಲೆ ಸುರುಳಿ ಸುತ್ತಿಕೊಂಡು ಆವಿಯಾಗುವುದನ್ನು ತಡೆಯುತ್ತದೆ; ಬೇರು ಆಳಕ್ಕೆ ಇಳಿಯುತ್ತದೆ. ಬರದ ಸೀಮೆಗೆ ಹೇಳಿ ಮಾಡಿಸಿದ ಬೆಳೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ. ಒಂದು ದಂಟೂ ವ್ಯರ್ಥವಿಲ್ಲ.

'ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ' ಎಂಬ ಗಾದೆ ಹುಟ್ಟಿದ್ದು ಇಂಥ ನೆಲದಲ್ಲೇ. ಗಾದೆಯಲ್ಲಿ ಸ್ವಲ್ಪ ಜಂಬವಿದೆ, ಅಕ್ಕಿಯ ಸೀಮೆಯವರು ಮುನಿಯಬಾರದು.

ಬನಶಂಕರಿಯ ಬುಟ್ಟಿ

ಬಾದಾಮಿಯಿಂದ ಐದು ಕಿಲೋಮೀಟರು ದೂರದ ಚೊಳಚಗುಡ್ಡದ ಬಳಿ ಬನಶಂಕರಿಯ ಗುಡಿ. ದೇವಿಗೆ ಶಾಕಂಭರಿ ಎಂದೂ ಹೆಸರು. ಬಹುಕಾಲ ಮಳೆಯಿಲ್ಲದೆ ಜೀವಿಗಳು ಹಸಿವಿನಿಂದ ತತ್ತರಿಸಿದಾಗ ತನ್ನ ಮೈಯಿಂದಲೇ ಕಾಯಿಪಲ್ಯೆಗಳನ್ನು ಹುಟ್ಟಿಸಿ ಲೋಕವನ್ನು ಸಾಕಿದಳೆಂಬುದು ಪುರಾಣ. ಬರಗಾಲದ ನೆನಪೇ ದೇವತೆಯಾಗಿ ನಿಂತ ಜಾಗ ಇದು. ಬನದ ಹುಣ್ಣಿಮೆಗೆ ತೇರು. ಅದಕ್ಕೆ ಮೊದಲು 'ಪಲ್ಲೇದ ಹಬ್ಬ', ಅಂದರೆ ನೂರೆಂಟು ಬಗೆಯ ಪಲ್ಯೆಗಳ ನೈವೇದ್ಯ. ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಬಿಡಾರ ಹೂಡುತ್ತವೆ.

ಜಾತ್ರೆಯಿಲ್ಲದ ದಿನಗಳಲ್ಲೂ ಇಲ್ಲಿ ಒಂದು ನೋಟ ತಪ್ಪುವುದಿಲ್ಲ. ಗುಡಿಯ ಎದುರಿನ ದೊಡ್ಡ ಹೊಂಡದ ಆಸುಪಾಸಿನಲ್ಲಿ ಇಳಕಲ್ ಸೀರೆಯುಟ್ಟ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬರುತ್ತಾರೆ. ಬಿಳಿ ಬಟ್ಟೆಯ ಕೆಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯೆ, ಶೇಂಗಾ ಹಿಂಡಿ, ಕೆಂಪು ಖಾರ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಬೋರ್ಡಿಲ್ಲ, ಮೆನು ಕಾರ್ಡಿಲ್ಲ. ನೆರಳಿದ್ದ ಕಡೆ ಕೂತರೆ ಅದೇ ಹೋಟೆಲು.

ಶಿವಮೊಗ್ಗದ ಕಡೆಯ ಒಂದು ಸಂಸಾರ ಅಲ್ಲಿಗೆ ಬಂದಿತ್ತು. ಅಪ್ಪ, ಅಮ್ಮ, ಹತ್ತನೆಯ ತರಗತಿಯ ಮಗಳು, ಏಳನೆಯ ತರಗತಿಯ ಮಗ. ಹುಡುಗನಿಗೆ ಬಿಸ್ಕತ್ತು ಸಾಕಾಗಿತ್ತು. ಅಪ್ಪನಿಗೆ ನೀರು ಹೇಗೋ ಏನೋ ಎಂಬ ಅನುಮಾನ. ಬುಟ್ಟಿ ಇಳಿಸಿದ ಹೆಂಗಸಿಗೆ ಐವತ್ತು ದಾಟಿರಬೇಕು.

"ಬರ್ರಿ ಅಕ್ಕಾರ, ಕುಂದರ್ರಿ. ರೊಟ್ಟಿ ಉಣ್ರಿ. ಅಣ್ಣಾರ, ನೀವೂ ಕುಂದರ್ರಿ."

ತಟ್ಟೆಗೊಂದು ರೊಟ್ಟಿ ಬಿತ್ತು. ಹುಡುಗ ಅದನ್ನು ದೋಸೆಯಂತೆ ಅಂಚಿನಿಂದ ಕಡಿದು ನೋಡಿದ. ಆಕೆ ನಕ್ಕು, "ಹಂಗಲ್ಲೋ ತಮ್ಮಾ, ಮುರಕೊಂಡು ಪಲ್ಯಾ ಹಚಗೊಂಡು ಉಣ್ಣು" ಎಂದಳು. ಎರಡನೆಯ ತುತ್ತಿಗೆ ಅವನಿಗೆ ಮೊಸರು ಮತ್ತು ಹಿಂಡಿಯ ಲೆಕ್ಕ ತಿಳಿಯಿತು. ಮೂರನೆಯದಕ್ಕೆ ಬಿಸ್ಕತ್ತಿನ ಪೊಟ್ಟಣ ಚೀಲ ಸೇರಿತು.

ಮಗಳಿಗೆ ಮಾತ್ರ ಕುತೂಹಲ ಬೇರೆ ಕಡೆಗಿತ್ತು. "ಎಷ್ಟು ಗಂಟೆಗೆ ಏಳ್ತೀರಿ?" ಎಂದು ಕೇಳಿದಳು.

"ಕೋಳಿ ಕೂಗೂದ್ರೊಳಗ ಏಳತೀನವ್ವಾ. ಒಲಿ ಮುಂದ ಕುಂತ್ರ ಹೊತ್ತು ಹೊಂಡೂತನಾ ಬಡಿಯೂದ."

"ನಿಮ್ಮ ಮಗಳಿಗೂ ಬರುತ್ತಾ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆಕಿ ಕಾಲೇಜಿಗೆ ಹೋಗತಾಳ. ಈ ರೊಟ್ಟಿ ರೊಕ್ಕದಾಗ ಫೀ ಕಟ್ಟೀನಿ. ಆಕೀನೂ ಬುಟ್ಟಿ ಹೊರಬೇಕು ಅಂತ ನಾ ಅನ್ನಂಗಿಲ್ಲ. ಆದ್ರ ರೊಟ್ಟಿ ಬಡೀಲಿಕ್ಕೆ ಬರಬೇಕು ಅಂತೀನಿ. ಹೊರೂದು ಬ್ಯಾರೆ, ಬರೂದು ಬ್ಯಾರೆ."

ಲೆಕ್ಕದ ಹೊತ್ತಿಗೆ ಅಪ್ಪ ಅಭ್ಯಾಸಬಲದಿಂದ "ಸ್ವಲ್ಪ ಕಡಿಮೆ ಮಾಡಮ್ಮ" ಎಂದರು. ಮಗಳು ಅಪ್ಪನ ಮುಖ ನೋಡಿದಳು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಹೇಳಿದಷ್ಟು ಕೊಟ್ಟು, ಚಿಲ್ಲರೆಯನ್ನೂ ಕೇಳದೆ ಎದ್ದರು.

ಅಂಟಿಲ್ಲದ ಹಿಟ್ಟು, ಹರಿಯದ ರೊಟ್ಟಿ

'ಬರೂದು ಬ್ಯಾರೆ' ಎಂದು ಆಕೆ ಹೇಳಿದ್ದರಲ್ಲಿ ಎಷ್ಟು ದೊಡ್ಡ ವಿದ್ಯೆ ಅಡಗಿದೆಯೆಂದು ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಯೋಚಿಸಬೇಕು. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಸಾಕು, ರಬ್ಬರಿನಂತೆ ಎಳೆದರೆ ಬರುತ್ತದೆ. ಅದರಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಜಾಲ ಹೆಣೆಯುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಒದ್ದೆ ಮರಳಿನಂತೆ ಕೈಯಲ್ಲಿ ಪುಡಿಯಾಗುತ್ತದೆ. ಹಾಗಾದರೆ ಹಪ್ಪಳದಷ್ಟು ತೆಳ್ಳಗಿನ ರೊಟ್ಟಿ ಹೇಗಾಯಿತು?

ಅದಕ್ಕೆ ಉತ್ತರ ಎಸರು. ಕುದಿಯುವ ನೀರನ್ನು ಹಿಟ್ಟಿಗೆ ಹಾಕಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಜೋಳದ ಪಿಷ್ಟ ಹೀಗೆ ಬದಲಾಗಲು ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆದ್ದರಿಂದಲೇ ಬೆಚ್ಚಗಿನ ನೀರು ನಡೆಯುವುದಿಲ್ಲ, ಎಸರು ಮರಳಲೇಬೇಕು. ಎಲ್ಲ ಹಿಟ್ಟಿಗೂ ಎಸರು ಹಾಕುವುದಿಲ್ಲ. ಒಂದು ಪಾಲು ಬೆಂದು ಅಂಟಾದರೆ ಅದು ಉಳಿದ ಹಸಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಹೆಣ್ಣುಮಕ್ಕಳು ಇದಕ್ಕೆ 'ಜಿಗಿ' ಎನ್ನುತ್ತಾರೆ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿಯ ಅಂಚು ಹರಿಯುತ್ತದೆ ಎಂಬುದೂ ಅವರಿಗೆ ಗೊತ್ತು. ಅದಕ್ಕೇ ಈ ಕಡೆಯ ಮನೆಗಳಲ್ಲಿ ತಿಂಗಳ ಹಿಟ್ಟನ್ನು ಒಮ್ಮೆಗೇ ಬೀಸಿಸುವುದಿಲ್ಲ, ಎಂಟು ದಿನಕ್ಕಾಗುವಷ್ಟೇ ಗಿರಣಿಗೆ ಹೋಗುತ್ತದೆ.

ಮುಂದಿನದು ಕೈಚಳಕ. ಒಣಹಿಟ್ಟು ಹರವಿ, ಮುದ್ದೆಯನ್ನು ಅಂಗೈಯಿಂದ ಬಡಿಯುತ್ತಾ ಬಡಿಯುತ್ತಾ ತಿರುಗಿಸಬೇಕು. ಪಟ ಪಟ ಎಂಬ ಆ ಸಪ್ಪಳವೇ ಉತ್ತರ ಕರ್ನಾಟಕದ ಬೆಳಗಿನ ಸುಪ್ರಭಾತ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈ ಸವರುತ್ತಾರೆ. ಅಂಟಿದ ಒಣಹಿಟ್ಟು ತೊಳೆದು ಹೋಗುತ್ತದೆ, ಮೇಲ್ಪದರ ಒಣಗಿ ಬಿರಿಯುವುದು ತಪ್ಪುತ್ತದೆ. ತಿರುವಿ ಹಾಕಿ ಕೆಂಡಕ್ಕೆ ಹಿಡಿದಾಗ ಒಳಗಿನ ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹೋಗಲು ಕಂಡಿಯಿಲ್ಲದ ಆವಿ ಎರಡು ಪದರಗಳನ್ನು ಬಿಡಿಸುತ್ತದೆ, ರೊಟ್ಟಿ ಪೂರಿಯಂತೆ ಉಬ್ಬುತ್ತದೆ. ಎಲ್ಲೋ ಒಂದು ಕಡೆ ಸಣ್ಣ ತೂತಾದರೆ ಉಬ್ಬದು. ಉಬ್ಬಿದ ರೊಟ್ಟಿ ಎಂದರೆ ಪಾಸಾದ ಪರೀಕ್ಷೆ.

ಇದೇ ರೊಟ್ಟಿಯನ್ನು ಸಣ್ಣ ಉರಿಯ ಮೇಲೆ ಇನ್ನೂ ಒಣಗಿಸಿದರೆ ಖಡಕ್ ರೊಟ್ಟಿ. ನೀರಿನಂಶವೇ ಇಲ್ಲವೆಂದಾಗ ಬೂಷ್ಟು ಬೆಳೆಯುವುದು ಯಾವುದರ ಮೇಲೆ? ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಸ್ಟೆಲಿಗೆ ಹೊರಟ ಮಗನ ಚೀಲದಲ್ಲಿ, ದೂರದ ಊರಿಗೆ ದುಡಿಯಲು ಹೊರಟವರ ಗಂಟಿನಲ್ಲಿ ಬುತ್ತಿಯಾಗಿ ಹೋಗುವುದು ಇದೇ.

ತಟ್ಟೆಯೊಳಗೆ ಭೂಪಟ

ಈ ಊಟಕ್ಕೆ 'ಸಾಂಪ್ರದಾಯಿಕ' ಎಂಬ ವಿಶೇಷಣ ಅಂಟಿಸುವುದು ರೂಢಿ. ಹಾಗೆಂದರೆ ಪುಲಿಕೇಶಿಯೂ ಬನಶಂಕರಿಯಲ್ಲಿ ಇದನ್ನೇ ಉಂಡನೇ? ಇಲ್ಲ. ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. 1498ರಲ್ಲಿ ವಾಸ್ಕೋ ಡ ಗಾಮ ಬಂದ ಮೇಲೆ ಪೋರ್ಚುಗೀಸರ ಹಡಗುಗಳ ಹಾದಿಯಲ್ಲಿ ಇವು ಭಾರತಕ್ಕೆ ಬಂದವು. ಚಾಲುಕ್ಯರ ಬಾದಾಮಿಯಲ್ಲಿ ಶೇಂಗಾ ಹಿಂಡಿಯೂ ಇರಲಿಲ್ಲ, ಕೆಂಪು ಖಾರವೂ ಇರಲಿಲ್ಲ. ಖಾರ ಬೇಕಾದರೆ ಕರಿಮೆಣಸೇ ಗತಿ.

ಜೋಳವೂ ನೆಂಟನೇ. ಅದರ ತವರು ಆಫ್ರಿಕ. ಸಾವಿರಾರು ವರ್ಷಗಳ ಹಿಂದೆಯೇ ಬಂದು ಮನೆಯವನಾಗಿದ್ದಾನೆ. ಗುರೆಳ್ಳು ಇಥಿಯೋಪಿಯದಿಂದ ಬಂತು, ಪುಂಡಿ ಆಫ್ರಿಕದ ಗಿಡ, ಝುಣಕದ ಕಡಲೆ ಪಶ್ಚಿಮ ಏಷ್ಯಾದ್ದು, ಉಳ್ಳಾಗಡ್ಡಿ ಮಧ್ಯ ಏಷ್ಯಾದ್ದು. ನಡುವೆ ಎಣ್ಣೆ ಸುರಿಸಿಕೊಂಡು ಕೂತ ಬದನೆಕಾಯಿ, ಪಕ್ಕದ ಹೆಸರುಕಾಳು, ರೊಟ್ಟಿಯ ಮೇಲೆ ಹಚ್ಚಿದ ಎಳ್ಳು ಮಾತ್ರ ಈ ದೇಶದ ಮೂಲನಿವಾಸಿಗಳು. ಪರಸ್ಥಳದವರನ್ನು ಕರೆದು ಕೂಡಿಸಿ, ಅವರೂ ನಮ್ಮವರೇ ಎನ್ನುವಷ್ಟು ಒಗ್ಗಿಸಿಕೊಂಡ ತಟ್ಟೆ ಇದು. ಭೂಗೋಳದ ಪಾಠವನ್ನು ಇದಕ್ಕಿಂತ ರುಚಿಯಾಗಿ ಹೇಳಿಕೊಡುವುದು ಕಷ್ಟ.

ಪೌಷ್ಟಿಕತೆಯ ಲೆಕ್ಕವೂ ಸರಿಯಾಗಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರಿನಂಶ. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆಯಿದೆ. ಹೆಸರು, ಮಡಕಿ, ಕಡಲೆಗಳಲ್ಲಿ ಲೈಸಿನ್ ಸಾಕಷ್ಟಿದೆ, ಮೊಸರಿನಲ್ಲೂ ಇದೆ. ಬರೀ ರೊಟ್ಟಿ ಉಣ್ಣಬಾರದು, ಕಾಳುಪಲ್ಯೆ ಬೇಕು, ಮೊಸರು ಬೇಕು ಎಂದು ಅಜ್ಜಿಯಂದಿರು ಹೇಳಿದ್ದು ಲೈಸಿನ್ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲು.

ನದಿಯ ಗುಂಟ ಊಟದ ಸಾಲು

ಚೊಳಚಗುಡ್ಡದ ಪಕ್ಕದಲ್ಲಿ ಹರಿಯುವ ಮಲಪ್ರಭೆಯನ್ನು ಹಿಂಬಾಲಿಸಿದರೆ ಸಿಗುವುದು ಶಿವಯೋಗ ಮಂದಿರ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ನದಿಯ ದಂಡೆಯ ಮೇಲೆ ಸ್ಥಾಪಿಸಿದ ಈ ಸಂಸ್ಥೆ ವಟುಗಳಿಗೆ ಶಾಸ್ತ್ರ, ಯೋಗ, ಸಂಗೀತಗಳ ಶಿಕ್ಷಣ ಕೊಟ್ಟು ನಾಡಿನ ಮಠಗಳಿಗೆ ಸ್ವಾಮಿಗಳನ್ನು ಸಿದ್ಧಪಡಿಸಿದ ಜಾಗ. ಇಲ್ಲಿಯ ಗೋಶಾಲೆ, ಇಲ್ಲಿ ತಯಾರಾಗುವ ವಿಭೂತಿ ಹೆಸರುವಾಸಿ. ಪ್ರವಾಸಿಗಳ ಬಸ್ಸು ಪಟ್ಟದಕಲ್ಲಿನ ಅವಸರದಲ್ಲಿ ಇಲ್ಲಿ ನಿಲ್ಲುವುದು ಕಡಿಮೆ. ನಿಲ್ಲಬೇಕು. ಮಠಗಳ ವಾಡಿಕೆಯಂತೆ ಊಟದ ಹೊತ್ತಿಗೆ ಬಂದವರನ್ನು ಪ್ರಸಾದಕ್ಕೆ ಕರೆಯುತ್ತಾರೆ. ಯಾರು, ಎಲ್ಲಿಯವರು ಎಂಬ ಪ್ರಶ್ನೆ ಆಮೇಲೆ.

ಮಠದ ಊಟದಲ್ಲಿ ಕಲಿಯಬೇಕಾದ ಪಾಠ ಇನ್ನೊಂದಿದೆ. ಅಲ್ಲಿ ಬಡಿಸಿದ್ದು ಪ್ರಸಾದ, ಚೆಲ್ಲುವಂತಿಲ್ಲ. ಬೇಕಾದಷ್ಟೇ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡದ್ದನ್ನು ಮುಗಿಸಬೇಕು. ಮದುವೆ ಮನೆಗಳ ಎಂಜಲೆಲೆಗಳಲ್ಲಿ ಅರ್ಧಕ್ಕರ್ಧ ಅನ್ನ ಬಿದ್ದಿರುವುದನ್ನು ಕಂಡ ಮಕ್ಕಳು ಮಠದ ಸಾಲಿನಲ್ಲಿ ಒಮ್ಮೆ ಕೂತು ಏಳುವುದು ಒಳ್ಳೆಯದು. ದಾಸೋಹ ಎಂಬ ಮಾತನ್ನು ಹನ್ನೆರಡನೆಯ ಶತಮಾನದ ಶರಣರು ಈ ನಾಡಿಗೆ ಬಿಟ್ಟುಹೋದರು. ಉಣ್ಣಿಸುವವನು ತಾನು ದೊಡ್ಡವನೆಂದುಕೊಳ್ಳದೆ ದಾಸನೆಂದುಕೊಳ್ಳಬೇಕು ಎಂಬುದು ಅದರ ತಿರುಳು.

ಸಾವಿರಾರು ಜನರಿಗೆ ಬಿಸಿ ರೊಟ್ಟಿ ಬಡಿದು ಹಾಕುವುದು ಸಾಧ್ಯವಿಲ್ಲವಾದ್ದರಿಂದ ಜಾತ್ರೆಗಳಲ್ಲಿ ಗೋಧಿ ಹುಗ್ಗಿ, ಮಾದಲಿ, ಅನ್ನ, ಸಾರು ಮುಖ್ಯ. ಆದರೆ ಈ ತೊಡಕಿಗೂ ಜನ ದಾರಿ ಕಂಡುಕೊಂಡಿದ್ದಾರೆ. ನೆರೆಯ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಊರೂರುಗಳ ಹೆಣ್ಣುಮಕ್ಕಳು ವಾರಗಳ ಮೊದಲೇ ರೊಟ್ಟಿ ಮಾಡಿ, ಒಣಗಿಸಿ, ಗಾಡಿ, ಟ್ರ್ಯಾಕ್ಟರುಗಳಲ್ಲಿ ತಂದೊಪ್ಪಿಸುತ್ತಾರೆ. ಹೀಗೆ ಲಕ್ಷಗಟ್ಟಲೆ ರೊಟ್ಟಿ ಸೇರುತ್ತದೆ. ಖಡಕ್ ರೊಟ್ಟಿಯ ವಿಜ್ಞಾನ ಇಲ್ಲಿ ಭಕ್ತಿಯ ಕೈ ಹಿಡಿದಿದೆ.

ಮಲಪ್ರಭೆ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಯೂ ಯಾತ್ರಿಕರಿಗೆ ದಾಸೋಹವಿದೆ. ಐಹೊಳೆಯಿಂದ ಹುನಗುಂದದ ಕಡೆ ಹೊರಟವರಿಗೆ ಮೊದಲು ಸಿಗುವ ದೊಡ್ಡ ಊರು ಅಮೀನಗಡ. ಅಮೀನಗಡವೆಂದರೆ ಕರದಂಟು. ಗಿಡದ ಅಂಟನ್ನು ತುಪ್ಪದಲ್ಲಿ ಕರಿದರೆ ಅದು ಅರಳಿನಂತೆ ಅರಳುತ್ತದೆ. ಅದಕ್ಕೆ ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿಗಳ ಸಹವಾಸ. ಕರಿದ ಅಂಟೇ ಕರದಂಟು. ಬಾಣಂತಿಯರಿಗೆ ಶಕ್ತಿಗೆಂದು ಕೊಡುತ್ತಿದ್ದ ಅಂಟಿನುಂಡೆಯ ಬಂಧು ಇದು. ಈಗ ಪೊಟ್ಟಣದಲ್ಲಿ ದೇಶ ಸುತ್ತುತ್ತಿದೆ.

ಹುನಗುಂದ, ಇಳಕಲ್ಲ, ಬಾಗಲಕೋಟೆಗಳಲ್ಲಿ ಹುಡುಕಬೇಕಾದದ್ದು ಖಾನಾವಳಿಯನ್ನು. ದೊಡ್ಡ ದೀಪಗಳಿರುವುದಿಲ್ಲ. ನಾಲ್ಕಾರು ಮೇಜು, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರೆಂದು ತಿಳಿಯಿರಿ. ತಟ್ಟೆಯಲ್ಲಿ ಎರಡು ರೊಟ್ಟಿ, ಒಂದು ಸೊಪ್ಪಿನ ಪಲ್ಯೆ, ಒಂದು ಕಾಳಿನದು, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಹಸಿ ಮೆಂತೆ, ಅದೃಷ್ಟವಿದ್ದರೆ ಹಕ್ಕರಕಿ ಸೊಪ್ಪು. ಸೊಪ್ಪನ್ನು ಹಸಿಯಾಗಿಯೇ ಕಡಿದು ತಿನ್ನಬೇಕು. ಅನ್ನ ಕೊನೆಗೆ, ಅದೂ ಒಂದು ಮುಷ್ಟಿ. ಗುರುತಾದರೆ 'ಮುಟಗಿ' ಕೇಳಿನೋಡಿ: ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಖಾರ, ಎಣ್ಣೆ ಹಾಕಿ ಕುಟ್ಟಿ ಹಿಡಿದ ಮುದ್ದೆ. ಮಳೆಗಾಲದ ಸಂಜೆ ಇದನ್ನು ಉಂಡವರು ಬೇರೆ ತಿಂಡಿ ಕೇಳುವುದಿಲ್ಲ.

ದುಡ್ಡಿಗೆ ಸಿಗದ ಊಟ

ಈ ಸೀಮೆಯ ಕೆಲವು ಊಟಗಳು ಯಾವ ಖಾನಾವಳಿಯಲ್ಲೂ ಸಿಗುವುದಿಲ್ಲ. ಚಳಿಗಾಲದಲ್ಲಿ ಜೋಳದ ಕಾಳು ಹಾಲುಗಟ್ಟಿ ಇನ್ನೂ ಹಸಿರಾಗಿರುವಾಗ ತೆನೆಯನ್ನು ಹೊಲದಲ್ಲೇ ಕೆಂಡದ ಮೇಲೆ ಸುಟ್ಟು, ತಿಕ್ಕಿ, ಉದುರಿದ ಬಿಸಿ ಕಾಳನ್ನು ಬೆಲ್ಲ, ಹಿಂಡಿ, ಮೊಸರಿನೊಡನೆ ತಿನ್ನುವುದು ಸೀತನಿ. ವರ್ಷದಲ್ಲಿ ಕೆಲವೇ ದಿನಗಳ ಭಾಗ್ಯ. ಕಾಳು ಬಲಿತರೆ ಮುಗಿಯಿತು. ಎಳ್ಳ ಅಮವಾಸ್ಯೆಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ, ಬಗೆಬಗೆಯ ಪಲ್ಯೆಗಳನ್ನು ಬಿಚ್ಚುತ್ತಾರೆ. ಇವೆಲ್ಲ ಕರೆದರೆ ಮಾತ್ರ ಸಿಗುವ ಊಟ. ಆದರೆ ಕರೆಯುವ ಗುಣ ಈ ಸೀಮೆಯಲ್ಲಿ ಇನ್ನೂ ಬತ್ತಿಲ್ಲ. ಚರಗದ ದಿನ ಹೊಲದ ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಉಣ್ಣದೆ ಬಿಡುವುದಿಲ್ಲ.

ಹೊಲದಲ್ಲಿ ನಿಂತಾಗ ರೈತನನ್ನು ಇನ್ನೊಂದು ಸಂಗತಿ ಕೇಳಬಹುದು. ಮೊಣಕಾಲುದ್ದದ ಎಳೆ ಜೋಳದ ಪೈರಿಗೆ ಅವನು ದನ ಬಿಡುವುದಿಲ್ಲ. ಅದರಲ್ಲೂ ಮಳೆ ಕೈಕೊಟ್ಟು ಕುಂಠಿತವಾದ ಪೈರೆಂದರೆ ಹೆದರುತ್ತಾನೆ. ಎಳೆ ಎಲೆಯಲ್ಲಿರುವ ಧುರ್ರಿನ್ ಎಂಬ ವಸ್ತು ಜಗಿದಾಗ ಹೈಡ್ರೋಜನ್ ಸಯನೈಡನ್ನು ಬಿಡುತ್ತದೆ. ಹೊಟ್ಟೆತುಂಬ ಮೇಯ್ದ ದನ ಸಾಯಬಹುದು. ಬಲಿತ ಕಾಳಿನಲ್ಲಿ ಈ ಭಯವಿಲ್ಲ. ತನ್ನನ್ನು ತಾನು ಕಾಯ್ದುಕೊಳ್ಳಲು ಗಿಡ ಇಟ್ಟುಕೊಂಡ ಆಯುಧ ಅದು. ರಸಾಯನಶಾಸ್ತ್ರ ಓದದ ರೈತ ಈ ಪಾಠವನ್ನು ಕಳೆದುಕೊಂಡ ದನಗಳಿಂದ ಕಲಿತ.

ಡಬ್ಬಿಯ ಮುಚ್ಚಳ

ಇಷ್ಟೆಲ್ಲ ಇದ್ದೂ ರೊಟ್ಟಿಗೆ ಒಂದು ಕಷ್ಟ ಬಂದಿದೆ. ಜೋಳದ ಸೀಮೆಯ ಮನೆಗಳಲ್ಲೂ ರಾತ್ರಿಯ ಊಟ ಅನ್ನವಾಗುತ್ತಿದೆ. ಒಂದು ಕಾಲಕ್ಕೆ ಅನ್ನವೆಂದರೆ ಹಬ್ಬದ ಅಡಿಗೆ. ಪಡಿತರದ ಅಕ್ಕಿ ಬಡವರ ಹಸಿವನ್ನು ನೀಗಿಸಿತು. ಅದನ್ನು ಹಗುರವಾಗಿ ಆಡುವಂತಿಲ್ಲ. ಆದರೆ ಜೋಳ ಬೆಳೆದರೆ ಕೀಳುವ, ಒಕ್ಕುವ ಆಳಿಲ್ಲ, ಬೆಲೆಯ ಭರವಸೆಯಿಲ್ಲ ಎಂದು ರೈತ ಹತ್ತಿ, ಕಡಲೆ, ಕಬ್ಬಿಗೆ ಹೊರಳುತ್ತಿದ್ದಾನೆ. ಕುಕ್ಕರಿನಲ್ಲಿ ಅಕ್ಕಿಯಿಟ್ಟರೆ ಮೂರು ಸೀಟಿಗೆ ಊಟ ತಯಾರು. ರೊಟ್ಟಿಗೆ ಒಬ್ಬಳು ಒಲೆಯ ಮುಂದೆ ಗಂಟೆಗಟ್ಟಲೆ ಕೂರಬೇಕು. ಕೂರುವವಳು ತಾಯಿ, ಇಲ್ಲವೇ ಸೊಸೆ. ರೊಟ್ಟಿಯನ್ನು ಹಾಡಿ ಹೊಗಳುವ ಗಂಡಸರಲ್ಲಿ ಹೊಗೆಗೆ ಕಣ್ಣು ಉಜ್ಜಿಕೊಂಡವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಸಂಪ್ರದಾಯದ ಗುಣಗಾನ ಮಾಡುವುದು ನ್ಯಾಯವಲ್ಲ.

ಇನ್ನೊಂದು ಕಷ್ಟ ಇದಕ್ಕಿಂತ ಸೂಕ್ಷ್ಮ. ಓದಲೆಂದು ಧಾರವಾಡಕ್ಕೋ ಬೆಂಗಳೂರಿಗೋ ಹೋದ ಈ ಸೀಮೆಯ ಹುಡುಗ ಹುಡುಗಿ ಮಧ್ಯಾಹ್ನ ಡಬ್ಬಿ ತೆರೆಯುವಾಗ ಒಮ್ಮೆ ಅತ್ತಿತ್ತ ನೋಡುವುದುಂಟು. ಪಕ್ಕದವರ ಡಬ್ಬಿಯಲ್ಲಿ ನೂಡಲ್ಸ್, ಪಲಾವು. ತನ್ನದರಲ್ಲಿ ಮಡಿಸಿದ ರೊಟ್ಟಿ, ಎಣ್ಣೆ ಬಿಟ್ಟ ಬದನೆಕಾಯಿ. "ನಾಳಿಂದ ರೊಟ್ಟಿ ಕಟ್ಟಬ್ಯಾಡವ್ವಾ" ಎಂದು ಮಗು ಹೇಳಿದ ದಿನ ತಾಯಿ ಏನೂ ಅನ್ನುವುದಿಲ್ಲ. ಮರುದಿನ ಚಿತ್ರಾನ್ನ ಹೋಗುತ್ತದೆ. ಹೀಗೆ ಯಾರೂ ಯಾರಿಗೂ ಹೇಳದೆ ಒಂದು ವಿದ್ಯೆ ಮನೆಯಿಂದ ಹೊರಡುತ್ತದೆ.

ವಿಪರ್ಯಾಸ ನೋಡಿ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಆ ಧಾನ್ಯಗಳ ಪಟ್ಟಿಯಲ್ಲಿ ಜೋಳವೂ ಇದೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಜೋಳ ಹೇಳುತ್ತಾರೆ, ಗ್ಲುಟೆನ್ ಆಗದವರು ಹುಡುಕಿಕೊಂಡು ಬರುತ್ತಾರೆ, ಮಹಾನಗರದ ಅಂಗಡಿಗಳಲ್ಲಿ ಖಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಕೂತಿದೆ. ಊರಿನ ಹುಡುಗ ನಾಚಿಕೊಂಡು ಬಿಟ್ಟದ್ದನ್ನು ಪೇಟೆಯವರು ದುಡ್ಡು ಕೊಟ್ಟು ತಿನ್ನುತ್ತಾರೆ!

ಇದಕ್ಕೆ ಯಂತ್ರವೇ ಪರಿಹಾರವೆನ್ನುವವರಿದ್ದಾರೆ. ರೊಟ್ಟಿಯ ಯಂತ್ರ ಬಂದಿದೆ, ಬರಲಿ. ಬನಶಂಕರಿಯ ಆ ತಾಯಿಯ ಮಣಿಕಟ್ಟಿನ ನೋವು ಅದರಿಂದ ಕಡಿಮೆಯಾಗುವುದಾದರೆ ಸ್ವಾಗತವೇ. ಬೀಸುಕಲ್ಲು ಹೋಗಿ ಗಿರಣಿ ಬಂದಾಗ ಹೆಣ್ಣುಮಕ್ಕಳು ಯಾರೂ ಅಳಲಿಲ್ಲ. ಆದರೆ ಎಸರು ಎಷ್ಟು, ಹಿಟ್ಟು ಎಷ್ಟು, ಜಿಗಿ ಬಂತೋ ಇಲ್ಲವೋ ಎಂಬುದನ್ನು ಬೆರಳು ತಿಳಿದಿರಬೇಕು. ಬೆರಳಿಗೆ ತಿಳಿಯದಿದ್ದರೆ ಯಂತ್ರ ಮಾಡಿಕೊಟ್ಟದ್ದು ರೊಟ್ಟಿಯೋ ರಟ್ಟೋ ಎಂದು ಹೇಳುವವರೂ ಉಳಿಯುವುದಿಲ್ಲ.

ಋಣ ತೀರಿಸುವ ದಾರಿ ದೊಡ್ಡದೇನಲ್ಲ. ಬಾದಾಮಿಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಮಧ್ಯಾಹ್ನದ ಒಂದು ಗಂಟೆಯನ್ನು ಬನಶಂಕರಿಗೆ ಇಡಲಿ. ಬುಟ್ಟಿಯ ಮುಂದೆ ಕೂತಾಗ ಚೌಕಾಸಿ ಬೇಡ. ನೀರಿನ ಅನುಮಾನವಿದ್ದರೆ ಬಾಟಲಿ ಜೊತೆಗಿರಲಿ, ಊಟ ಅಲ್ಲಿಯದೇ ಆಗಲಿ. ಮಕ್ಕಳು ತಮ್ಮ ಪ್ರವಾಸದ ಪ್ರಬಂಧದಲ್ಲಿ ಶಾಸನದ ವರ್ಷದ ಜೊತೆಗೆ ಉಂಡ ಪಲ್ಯೆಯ ಹೆಸರನ್ನೂ, ಸಾಧ್ಯವಾದರೆ ಮಾಡುವ ಬಗೆಯನ್ನೂ ಬರೆಯಲಿ. ಜೋಳದ ಸೀಮೆಯ ಮನೆಗಳಲ್ಲಿ ಭಾನುವಾರ ಒಂದು ದಿನ ಮಗಳು ಮಾತ್ರವಲ್ಲ, ಮಗನೂ ಹಿಟ್ಟಿಗೆ ಕೈ ಹಾಕಲಿ. ಮೊದಲ ರೊಟ್ಟಿ ಲಂಕೆಯ ಭೂಪಟದಂತೆ ಬಂದೀತು, ಎರಡನೆಯದು ಹರಿದೀತು. ಹತ್ತನೆಯದರ ಹೊತ್ತಿಗೆ ತಾಯಿಯ ಕೈಯ ಬೆಲೆ ಅವನಿಗೆ ತಿಳಿದಿರುತ್ತದೆ. ಆಮೇಲೆ ಅವನು ಡಬ್ಬಿ ತೆರೆಯುವಾಗ ಅತ್ತಿತ್ತ ನೋಡುವುದಿಲ್ಲ. ಪಕ್ಕದವನಿಗೂ ಒಂದು ತುಂಡು ಮುರಿದು ಕೊಡುತ್ತಾನೆ.